ಕೆಂಪಾಗದ ಬೆಂಕಿ: ಸೋಲ್ಡರ್ ಪಾಟ್ ಜೊತೆ ನಿಮ್ಮ ಮೊದಲ ವಾರ

ಸೋಲ್ಡರ್ ಪಾಟನ್ನು, ಅಂದರೆ ಕರಗಿದ ಸೋಲ್ಡರ್ ತುಂಬಿದ ಪಾತ್ರೆಯನ್ನು, ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, "ಇದೇನು, ಕನ್ನಡಿ ಇಟ್ಟಂಗಿದೆಯಲ್ಲ!" ನಿಜ, ಕನ್ನಡಿಯ ಹಾಗೇ ಇರುತ್ತದೆ. ಹೊಗೆಯಿಲ್ಲ, ಕುದಿಯಿಲ್ಲ, ಕೆಂಡದ ಬಣ್ಣವಿಲ್ಲ. ಬಾಣಲೆಯ ಎಣ್ಣೆಯಾದರೂ ಕಾದಾಗ ಹೊಗೆಯಾಡಿ ಎಚ್ಚರಿಸುತ್ತದೆ. ಈ ಪುಣ್ಯಾತ್ಮ 250 ಡಿಗ್ರಿಯಲ್ಲೂ ಏನೂ ಗೊತ್ತಿಲ್ಲದವನ ಹಾಗೆ ತಣ್ಣಗೆ ಕೂತಿರುತ್ತಾನೆ. ಲೋಹ ಕಾದು ಕೆಂಪಗೆ ಕಾಣಬೇಕಾದರೆ 500 ಡಿಗ್ರಿ ದಾಟಬೇಕು. ನಮ್ಮ ಪಾಟ್ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಮೊದಲ ಪಾಠ: ಇಲ್ಲಿ ಕಣ್ಣನ್ನು ನಂಬಬೇಡಿ.

ಯಶವಂತಪುರದ ಪಕ್ಕ ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಶುರುವಾದ ಮೇಲೆ ನಮ್ಮ ಉತ್ತರ ಬೆಂಗಳೂರಿಗೆ ಎಲೆಕ್ಟ್ರಾನಿಕ್ಸ್ ಕೆಲಸ ಅಂಟಿಕೊಂಡಿತು. ಆಮೇಲೆ ಪೀಣ್ಯ ಬೆಳೆಯಿತು, ಯಲಹಂಕ ಕಡೆ ಸಣ್ಣ ಶೆಡ್‌ಗಳು ಬಂದವು. ಟ್ರಾನ್ಸ್‌ಫಾರ್ಮರ್, ಚೋಕ್, ವೈರ್ ಹಾರ್ನೆಸ್, ಎಲ್‌ಇಡಿ ಡ್ರೈವರ್, ಏನೇ ಮಾಡುವ ಶೆಡ್ ಆಗಲಿ, ಮೂಲೆಯಲ್ಲಿ ಒಂದು ಸೋಲ್ಡರ್ ಪಾಟ್ ಇರುವ ಸಾಧ್ಯತೆ ಹೆಚ್ಚು. ಐಟಿಐ ಮುಗಿಸಿ ಬಂದ ಹುಡುಗನಿಗೋ, ಆರ್‌ಟಿ ನಗರದಿಂದ ಬಸ್ಸು ಬದಲಿಸಿ ಬರುವ ಹೊಸ ಹುಡುಗಿಗೋ ಸೂಪರ್‌ವೈಸರ್ ಅದನ್ನೇ ತೋರಿಸಿ "ಇದನ್ನ ನೋಡ್ಕೊ" ಅಂದುಬಿಡುತ್ತಾರೆ. ಹೇಗೆ ನೋಡಿಕೊಳ್ಳಬೇಕು ಅಂತ ಕೂತು ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಈ ಬರಹ ಅದಕ್ಕೇ. ಭಯಪಡಬೇಡಿ, ಒಂದೊಂದೇ ಹೆಜ್ಜೆ ಇಡೋಣ.

ಇದು ನಿಮಗೆ ತೀರಾ ಹೊಸದೂ ಅಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನನ್ನು ನೀವು ನೋಡಿರಬಹುದು, ಇಲ್ಲವೇ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಪಾತ್ರೆ ಕಾಯಿಸುತ್ತಾನೆ, ನವಸಾಗರದ ಪುಡಿ ಎರಚುತ್ತಾನೆ, ತವರ ತಾಕಿಸಿ ಬಟ್ಟೆಯಲ್ಲಿ ಸವರುತ್ತಾನೆ. ಹಳದಿ ಪಾತ್ರೆಯ ಒಳಗೆ ಬೆಳ್ಳಗೆ ಹೊಳೆಯುತ್ತದೆ. ನಮ್ಮದೂ ಅದೇ ಕೆಲಸ. ಹಿತ್ತಾಳೆಯ ಬದಲು ತಾಮ್ರದ ವೈರು, ನವಸಾಗರದ ಬದಲು ಫ್ಲಕ್ಸ್. ವೈರಿನ ತುದಿಯನ್ನು ಫ್ಲಕ್ಸ್‌ಗೆ ಅದ್ದಿ, ಕರಗಿದ ಸೋಲ್ಡರ್‌ಗೆ ಅದ್ದಿ ತೆಗೆಯುವುದಕ್ಕೆ ಟಿನ್ನಿಂಗ್ ಅನ್ನುತ್ತೇವೆ. ಅಂದರೆ ಕಲಾಯಿಯೇ.

ಹಂತ 1: ಜಾಗ ನೋಡಿ

ಪಾಟ್ ಆನ್ ಮಾಡುವ ಮೊದಲು ಸುತ್ತ ಒಮ್ಮೆ ಕಣ್ಣಾಡಿಸಿ. ಟೇಬಲ್ ಗಟ್ಟಿಯಾಗಿದೆಯೇ, ಅಲುಗಾಡುತ್ತದೆಯೇ? ಕೈಯಿಟ್ಟು ಅಲ್ಲಾಡಿಸಿಯೇ ನೋಡಿ. ಟೇಬಲ್ ಮೇಲೆ ಮೈಕಾ, ಪ್ಲಾಸ್ಟಿಕ್ ಇದ್ದರೆ ಪಾಟ್ ಕೆಳಗೆ ದಪ್ಪ ಶೀಟು ಅಥವಾ ಲೋಹದ ಟ್ರೇ ಇರಲಿ. ಹೊಗೆ ಎಳೆಯುವ ಎಕ್ಸಾಸ್ಟ್ ಪಾಟ್‌ನ ಹಿಂದೆ ಇರಬೇಕು. ನಿಮ್ಮ ತಲೆಯ ಮೇಲಿದ್ದರೆ ಹೊಗೆ ನಿಮ್ಮ ಮೂಗನ್ನು ಹಾದೇ ಮೇಲೆ ಹೋಗುತ್ತದೆ.

ಈಗ ತಲೆ ಎತ್ತಿ ಮೇಲೆ ನೋಡಿ. ಎಸಿ ಪೈಪ್ ತೊಟ್ಟಿಕ್ಕುತ್ತಿದೆಯೇ? ಶೀಟಿನಲ್ಲಿ ತೂತಿದೆಯೇ? ನಮ್ಮೂರಲ್ಲಿ ಮೇ ತಿಂಗಳ ಸಂಜೆ ಮಳೆ ಹೇಳಿ ಕೇಳಿ ಬರುವುದಿಲ್ಲ.

ಎಚ್ಚರ: ಪಾಟ್ ಇರುವ ಟೇಬಲ್ ಮೇಲೆ ನೀರಿನ ಬಾಟಲಿ, ಟೀ ಲೋಟ ಯಾವತ್ತೂ ಇಡಬೇಡಿ. ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದು ಹನಿ ಕರಗಿದ ಲೋಹದ ಒಳಗೆ ಸಿಕ್ಕಿಕೊಂಡರೆ ಆವಿಯ ಜೊತೆ ಸೋಲ್ಡರ್ ಕೂಡ ಮೇಲೆ ಸಿಡಿಯುತ್ತದೆ. ಬೋಂಡ ಕರಿಯುವ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಗೊತ್ತಲ್ಲ? ಇಲ್ಲಿ ಚಿಮ್ಮುವುದು ಎಣ್ಣೆಗಿಂತ ಒಂಬತ್ತು ಪಟ್ಟು ತೂಕದ ಲೋಹ.

ನನಗೇ ಆದದ್ದು ಹೇಳುತ್ತೇನೆ. ಯಶವಂತಪುರದ ಹಿಂದಿನ ಓಣಿಯೊಂದರ ಸಣ್ಣ ಶೆಡ್‌ನಲ್ಲಿ ಕೆಲಸಕ್ಕೆ ಸೇರಿ ವಾರ ಆಗಿತ್ತು. ಸ್ಟೀಲ್ ಸೌಟಿಗೆ ಫ್ಲಕ್ಸ್ ಅಂಟಿದೆ ಅಂತ ನಲ್ಲಿಯಲ್ಲಿ ತೊಳೆದೆ. ಒರೆಸಿದೆ ಕೂಡ. ಆದರೆ ಹಿಡಿಯ ಮಡಿಕೆಯಲ್ಲಿ ನೀರು ಉಳಿದಿತ್ತು. ಪಾಟ್‌ಗೆ ಇಳಿಸಿದೆ, 'ಟಪ್' ಅಂತ ಒಂದು ಸದ್ದು. ಮುಖಕ್ಕೆ ಶೀಲ್ಡ್ ಇತ್ತು, ಬಚಾವಾದೆ. ಮಾರನೆಯ ದಿನ ಮೇಲೆ ನೋಡಿದರೆ ಛಾವಣಿಯ ಶೀಟಿಗೆ ಕಡಲೆಕಾಳಿನಷ್ಟು ದೊಡ್ಡ ಬೆಳ್ಳಿ ಚುಕ್ಕಿ ಅಂಟಿಕೊಂಡಿತ್ತು. ಆ ಶೆಡ್ ಬಿಡುವವರೆಗೂ ಅದು ಅಲ್ಲೇ ಇತ್ತು.

ಹಂತ 2: ವೈರು, ಪ್ಲಗ್, ಅರ್ಥ್ ನೋಡಿ

ಪಾಟ್‌ಗೆ 16 ಆಂಪ್ ದೊಡ್ಡ ಪ್ಲಗ್ ಬೇಕು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ. ಪ್ಲಗ್‌ನ ಮೂರನೇ ಪಿನ್, ಅಂದರೆ ಅರ್ಥ್, ನಿಜವಾಗಿಯೂ ಕನೆಕ್ಟ್ ಆಗಿದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹೀಟರ್ ಹಳೆಯದಾದಂತೆ ಕರೆಂಟ್ ಪಾಟ್‌ನ ಮೈಗೆ ಸೋರುವ ಸಾಧ್ಯತೆ ಇದೆ. ಲೈನಿನಲ್ಲಿ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದ್ದರೆ ಜೀವ ಉಳಿಯುತ್ತದೆ. ಪಾಟ್‌ನ ವೈರು ಬಿಸಿ ಮೈಗೆ ತಾಗದ ಹಾಗೆ ಹಿಂಬದಿಯಿಂದ ಬರಲಿ.

ಹಂತ 3: ಉಡುಪು ಹಾಕಿಕೊಳ್ಳಿ

ತಲೆಯಿಂದ ಕಾಲಿನವರೆಗೆ ಹೀಗೆ ನೋಡಿಕೊಂಡು ಬನ್ನಿ:

- ತಲೆ: ಕೂದಲು ಕಟ್ಟಿ ಟೋಪಿಯೊಳಗೆ ಸೇರಿಸಿ.
- ಮುಖ: ಸೇಫ್ಟಿ ಗಾಗಲ್, ಅದರ ಮೇಲೆ ಪೂರ್ತಿ ಮುಖ ಮುಚ್ಚುವ ಫೇಸ್ ಶೀಲ್ಡ್.
- ಮೈ: ಹತ್ತಿಯ ತುಂಬುತೋಳಿನ ಕೋಟು, ಮೇಲೆ ಚರ್ಮದ ಏಪ್ರನ್. ನೈಲಾನ್, ಪಾಲಿಯೆಸ್ಟರ್ ಬೇಡ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ದುಪಟ್ಟಾ, ಸೆರಗು ಏಪ್ರನ್ ಒಳಗಿರಲಿ.
- ಕೈ: ಬಿಸಿ ತಡೆಯುವ ಚರ್ಮದ ಗ್ಲೌಸ್. ಉಂಗುರ, ಬಳೆ, ವಾಚು ತೆಗೆದಿಡಿ.
- ಕಾಲು: ಪೂರ್ತಿ ಮುಚ್ಚಿದ ಶೂ. ಚಪ್ಪಲಿ ಹಾಕಿಕೊಂಡು ಪಾಟ್ ಹತ್ತಿರವೂ ಬರಬೇಡಿ.

ಹೊಸಬರು ತಪ್ಪುವುದು ಇಲ್ಲಿ: ಪ್ಯಾಂಟನ್ನು ಶೂ ಒಳಗೆ ಸಿಕ್ಕಿಸುತ್ತಾರೆ. ಹಾಗೆ ಮಾಡಿದರೆ ಜಾರಿದ ಸೋಲ್ಡರ್ ನೇರ ಶೂ ಒಳಗೇ ಇಳಿಯುತ್ತದೆ. ಪ್ಯಾಂಟ್ ಯಾವಾಗಲೂ ಶೂ ಮೇಲೆ ಇಳಿಬಿದ್ದಿರಲಿ.

ಹಂತ 4: ಪಾಟ್‌ನಲ್ಲಿ ಯಾವ ಲೋಹ ಇದೆ ಅಂತ ಕೇಳಿ

ನಮ್ಮ ಕಡೆ ಎಲ್ಲ ಸೋಲ್ಡರನ್ನೂ 'ಲೆಡ್' ಅಂತಲೇ ಕರೆಯುವ ಅಭ್ಯಾಸ. ಲೆಡ್ ಅಂದರೆ ಸೀಸ. ಆದರೆ ಸೀಸ ಇಲ್ಲದ ಸೋಲ್ಡರನ್ನೂ 'ಲೆಡ್ ತಗೊಂಬಾ' ಅಂತ ಕೇಳುವವರಿದ್ದಾರೆ! ಆದ್ದರಿಂದ ಸೋಲ್ಡರ್ ಬಾರ್ ಮೇಲಿನ ಅಚ್ಚನ್ನು ಓದಿ.

- 63/37: 63 ಭಾಗ ತವರ, 37 ಭಾಗ ಸೀಸ. 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕೆಲಸದ ಬಿಸಿ ಸಾಮಾನ್ಯವಾಗಿ 240ರಿಂದ 260.
- ಸ್ಯಾಕ್ 305: ತವರದ ಜೊತೆ 3% ಬೆಳ್ಳಿ, 0.5% ತಾಮ್ರ. 217ರಿಂದ 220ರಲ್ಲಿ ಕರಗುತ್ತದೆ. ಸೀಸ ಇಲ್ಲ.
- ತವರ-ತಾಮ್ರ: 99.3% ತವರ, 0.7% ತಾಮ್ರ. 227ರಲ್ಲಿ ಕರಗುತ್ತದೆ. ಸೀಸ ಇಲ್ಲ.

ಸೀಸವಿಲ್ಲದ ಎರಡಕ್ಕೂ ಕೆಲಸದ ಬಿಸಿ 260ರಿಂದ 280 ಅಂತ ಇಟ್ಟುಕೊಳ್ಳಿ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್ ಮಾಲಿನಲ್ಲಿ ಸೀಸಕ್ಕೆ ಕಡಿವಾಣ ಹಾಕುವ ರೋಹ್ಸ್ ನಿಯಮ ಜಾರಿಗೆ ಬಂತು. ಹೊರದೇಶಕ್ಕೆ ಮಾಲು ಕಳಿಸುವ ನಮ್ಮ ಶೆಡ್‌ಗಳಿಗೂ ಸೀಸವಿಲ್ಲದ ಪಾಟ್ ಬಂದದ್ದು ಅದರ ಹಿಂದೆಯೇ.

ಎಚ್ಚರ: ಸೀಸದ್ದನ್ನೂ ಸೀಸವಿಲ್ಲದ್ದನ್ನೂ ಬೆರೆಸಬೇಡಿ. ಸೀಸದ ಪಾಟ್‌ನ ಸೌಟನ್ನು ಸೀಸವಿಲ್ಲದ ಪಾಟ್‌ಗೆ ಅದ್ದಿದರೂ ಬೆರೆಸಿದ ಹಾಗೇ. ಸೌಟಿನ ಹಿಡಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ: ಸೀಸಕ್ಕೆ ಕೆಂಪು, ಸೀಸವಿಲ್ಲದ್ದಕ್ಕೆ ಹಸಿರು. ಇನ್ನೊಂದು ವಿಷಯ. ತವರ ಹೆಚ್ಚಿರುವ, ಸೀಸವಿಲ್ಲದ ಸೋಲ್ಡರ್ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲನ್ನು ನಿಧಾನಕ್ಕೆ ತಿಂದುಹಾಕುತ್ತದೆ. ಹಳೆಯ ಪಾಟ್ ಖಾಲಿ ಇದೆ ಅಂತ ಅದಕ್ಕೆ ಸುರಿಯಬೇಡಿ. ಇದಕ್ಕೆ ಟೈಟಾನಿಯಂ, ಎರಕದ ಕಬ್ಬಿಣ ಅಥವಾ ಒಳಗೆ ಲೇಪನ ಇರುವ ಪಾಟ್ ಬೇಕು.

ಹಂತ 5: ಖಾಲಿ ಪಾಟ್ ತುಂಬಿ

ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಒಳಗಿನ ಉದ್ದ 20, ಅಗಲ 15, ಆಳ 6 ಸೆಂಟಿಮೀಟರ್ ಅಂದುಕೊಳ್ಳಿ. ಗುಣಿಸಿದರೆ 1,800 ಘನ ಸೆಂಟಿಮೀಟರ್. 63/37 ಸೋಲ್ಡರ್ ಘನ ಸೆಂಟಿಮೀಟರಿಗೆ ಸುಮಾರು 8.4 ಗ್ರಾಂ ತೂಗುತ್ತದೆ, ಅಂದರೆ ಅಂಚಿನವರೆಗೆ 15 ಕೆಜಿ. ಸೀಸವಿಲ್ಲದ್ದು ಹಗುರ, 7.4 ಗ್ರಾಂ, 13 ಕೆಜಿ ಸಾಕು. ಅಂಚಿಗೆ ಒಂದು ಬೆರಳಗಲ ಬಿಡಬೇಕು, ಹಾಗಾಗಿ ಲೆಕ್ಕಕ್ಕಿಂತ ಮೂರು ನಾಲ್ಕು ಕೆಜಿ ಕಡಿಮೆ ಹಾಕಿ.

ಬಾರ್‌ಗಳನ್ನು ತಳಕ್ಕೆ, ಗೋಡೆಗೆ ತಾಗುವ ಹಾಗೆ ಒತ್ತೊತ್ತಾಗಿ ಜೋಡಿಸಿ. ಅಡ್ಡಾದಿಡ್ಡಿ ಬಿಸಾಕಿದರೆ ಮಧ್ಯೆ ಗಾಳಿ ಉಳಿಯುತ್ತದೆ, ಬಿಸಿ ಲೋಹಕ್ಕೆ ಹೋಗದೆ ಗೋಡೆಯಲ್ಲೇ ನಿಂತು ಹೀಟರ್ ಸುಟ್ಟುಹೋಗುತ್ತದೆ. ಸಂದಿಗಳಿಗೆ ತುಂಡು ಮಾಡಿದ ಬಾರ್ ತುರುಕಿ. ಮೊದಲು ಅರ್ಧ ಪಾಟ್ ತುಂಬಿ ಕರಗಿಸಿ, ಮಿಕ್ಕದ್ದನ್ನು ಆಮೇಲೆ ಒಂದೊಂದಾಗಿ ಸೇರಿಸೋಣ.

ಹಂತ 6: ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಿ

ಆನ್ ಮಾಡಿದ ಕೂಡಲೇ ಕಂಟ್ರೋಲರನ್ನು 250ಕ್ಕೆ ಏರಿಸಬೇಡಿ. ಮೊದಲು 150ಕ್ಕೆ ಇಟ್ಟು ಕಾಲು ಗಂಟೆ ಬಿಡಿ. ಆಮೇಲೆ 200. ಅಲ್ಲಿ ಸ್ವಲ್ಪ ಹೊತ್ತು. ಆಮೇಲೆ ಕೆಲಸದ ಬಿಸಿ. ಸೀಸವಿಲ್ಲದ ಪಾಟ್ ಆದರೆ ನಡುವೆ 230ರಲ್ಲಿ ಇನ್ನೊಂದು ಮೆಟ್ಟಿಲು.

ಯಾಕೆ ಈ ನಿಧಾನ? ನೆನ್ನೆ ಆರಿಸಿದ ಪಾಟ್ ಇವತ್ತು ಇಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತದೆ. ಹೀಟರ್ ಇರುವುದು ತಳದಲ್ಲಿ, ಬದಿಯಲ್ಲಿ. ಕೆಳಗಿನದು ಮೊದಲು ಕರಗಿ ಹಿಗ್ಗುತ್ತದೆ. ಮೇಲಿನದು ಇನ್ನೂ ಗಟ್ಟಿ ಮುಚ್ಚಳದಂತೆ ಕೂತಿರುತ್ತದೆ. ಆತುರಪಟ್ಟರೆ ಕೆಳಗಿನ ಲೋಹ ಮೇಲಿನ ಪದರವನ್ನು ಸೀಳಿಕೊಂಡು ಕಾರಂಜಿಯಂತೆ ಹೊರಗೆ ಬರಬಹುದು. ಪೂರ್ತಿ ಕರಗುವವರೆಗೆ ಪಾಟ್ ಮೇಲೆ ಬಗ್ಗಬೇಡಿ, ಸೌಟಿನಿಂದ ಚುಚ್ಚಬೇಡಿ. ದೂರ ನಿಂತು ಬೇರೆ ಕೆಲಸ ಮಾಡಿಕೊಳ್ಳಿ.

ಕರೆಂಟ್ ಹೋದರೆ? ಮೇನ್ ಸ್ವಿಚ್ ಆಫ್ ಮಾಡಿ. ಬೆಸ್ಕಾಂನವರು ಕರೆಂಟ್ ಕೊಡುವ ಹೊತ್ತಿಗೆ ನೀವು ಊಟಕ್ಕೆ ಹೋಗಿದ್ದರೆ, ಅರ್ಧ ಹೆಪ್ಪುಗಟ್ಟಿದ ಪಾಟ್ ಯಾರೂ ನೋಡದೆ ತಾನಾಗೇ ಪೂರ್ತಿ ವೇಗದಲ್ಲಿ ಕಾಯತೊಡಗುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಮೊದಲ ಮೆಟ್ಟಿಲಿನಿಂದ ಶುರುಮಾಡಿ.

ಹಂತ 7: ಮೀಟರನ್ನೂ ಪರೀಕ್ಷೆ ಮಾಡಿ

ಕಣ್ಣನ್ನು ನಂಬಬೇಡಿ ಅಂದೆ. ಪಾಟ್‌ನ ಡಿಸ್‌ಪ್ಲೇಯನ್ನೂ ಪೂರ್ತಿ ನಂಬಬೇಡಿ. ಒಳಗೆ ಬಿಸಿ ಅಳೆಯುವ ಥರ್ಮೋಕಪಲ್ ಕಿಟ್ಟ ಹಿಡಿದು ಅಥವಾ ಜಾಗ ಸರಿದು ತಪ್ಪು ತೋರಿಸಬಹುದು. ದಿನಕ್ಕೊಮ್ಮೆ, ಬೆಳಿಗ್ಗೆ, ಬೇರೆ ಡಿಜಿಟಲ್ ಥರ್ಮಾಮೀಟರಿನ ಒಣ ಪ್ರೋಬನ್ನು ಲೋಹದೊಳಗೆ ಎರಡು ಸೆಂಟಿಮೀಟರ್ ಇಳಿಸಿ, ಅಂಕಿ ನಿಂತ ಮೇಲೆ ಓದಿ. ಎರಡಕ್ಕೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸೂಪರ್‌ವೈಸರ್‌ಗೆ ಹೇಳಿ, ಪುಸ್ತಕದಲ್ಲಿ ಬರೆಯಿರಿ.

ಹೊಸಬರು ತಪ್ಪುವುದು ಇಲ್ಲಿ: ಜ್ವರ ನೋಡುವ ಥರದ ಐಆರ್ ಗನ್ ಹಿಡಿದು ಅಳೆಯುತ್ತಾರೆ. ಹೊಳೆಯುವ ಲೋಹದ ಮೈ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. 250 ಇರುವುದನ್ನು ತೀರಾ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ "ಇನ್ನೂ ಕಾದಿಲ್ಲ" ಅಂತ ಬಿಸಿ ಏರಿಸುತ್ತಾ ಹೋಗುತ್ತಾರೆ.

ಹಂತ 8: ಕಿಟ್ಟ ತೆಗೆಯಿರಿ

ಕಾದ ಸೋಲ್ಡರಿನ ಮೇಲೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಒಂದು ಮಂಕು ಪದರ ಕಟ್ಟುತ್ತದೆ. ಇದೇ ಡ್ರಾಸ್, ನಮ್ಮ ಕಿಟ್ಟ. ತವರ ಗಾಳಿಗೆ ಸೇರಿ ಆದದ್ದು. ಇದರ ಮೇಲೆಯೇ ವೈರು ಅದ್ದಿದರೆ ಕಿಟ್ಟವೂ ವೈರಿಗೆ ಅಂಟಿ ಬರುತ್ತದೆ.

ಬಿಸಿ ಮಾಡಿಕೊಂಡ ಒಣ ಸ್ಕ್ರೇಪರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಎಳೆಯಿರಿ. ಕಲಕಬೇಡಿ, ಕಲಕಿದಷ್ಟೂ ಹೊಸ ಲೋಹ ಗಾಳಿಗೆ ಸಿಕ್ಕಿ ಮತ್ತೆ ಕಿಟ್ಟವಾಗುತ್ತದೆ. ಅಂಚಿಗೆ ಬಂದ ಕಿಟ್ಟವನ್ನು ತೂತಿನ ಸೌಟಿನಲ್ಲಿ ಎತ್ತಿ, ಪಾಟ್ ಮೇಲೆಯೇ ಐದಾರು ಕ್ಷಣ ಹಿಡಿಯಿರಿ. ಒಳ್ಳೆಯ ಲೋಹ ಹನಿಹನಿಯಾಗಿ ಕೆಳಗೆ ಇಳಿಯುತ್ತದೆ. ಹೊಸಬರ ಕಿಟ್ಟದ ಡಬ್ಬಿ ತೂಕ ಮಾಡಿದರೆ ಅರ್ಧಕ್ಕೂ ಹೆಚ್ಚು ಒಳ್ಳೆಯ ಸೋಲ್ಡರೇ ಇರುತ್ತದೆ. ಯಜಮಾನರು ಬೈಯುವುದು ಅದಕ್ಕೇ.

ಕಿಟ್ಟವನ್ನು ಮುಚ್ಚಳ ಇರುವ ಒಣ ಲೋಹದ ಡಬ್ಬಿಗೆ ಹಾಕಿ. ಬಾಯಲ್ಲಿ ಊದಿ ದೂಳು ಹಾರಿಸಬೇಡಿ. ಸೀಸದ ಪಾಟ್‌ನಲ್ಲಿ ನಿಜವಾದ ವಿಷ ಇರುವುದು ಆ ಬೂದಿಬಣ್ಣದ ದೂಳಿನಲ್ಲಿ.

ಹಂತ 9: ಫ್ಲಕ್ಸ್ ಹಚ್ಚಿ

ವೈರಿನ ತುದಿ ಸುಲಿದು, ಎಳೆಗಳನ್ನು ಬತ್ತಿ ಹೊಸೆದ ಹಾಗೆ ತಿರುಚಿ. ಫ್ಲಕ್ಸ್‌ಗೆ ಅದ್ದಿ, ಮೇಲೆತ್ತಿ, ಹೆಚ್ಚಿನದು ಬಸಿದು ಹೋಗಲಿ. ಹನಿ ತೊಟ್ಟಿಕ್ಕುವ ವೈರನ್ನು ಪಾಟ್‌ಗೆ ಇಳಿಸಬೇಡಿ, ಚಟಪಟ ಸಿಡಿಯುತ್ತದೆ. ಪಿಸಿಬಿ ಅದ್ದುವವರು ಫ್ಲಕ್ಸ್ ಹಚ್ಚಿದ ಬೋರ್ಡನ್ನು ಪ್ರೀಹೀಟರ್ ಮೇಲೆ 100 ಡಿಗ್ರಿ ಆಸುಪಾಸಿಗೆ ಕಾಯಿಸಿ ಒಣಗಿಸಿಕೊಳ್ಳಬೇಕು.

ಎಚ್ಚರ: ಬಹಳಷ್ಟು ಫ್ಲಕ್ಸ್‌ಗಳಲ್ಲಿ ಐಪಿಎ ಸ್ಪಿರಿಟ್ ಇರುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯ ಬೆಳಿಗ್ಗೆಯೂ ಅದರ ಆವಿ ಬೆಂಕಿ ಹಿಡಿಯಬಲ್ಲದು. ಫ್ಲಕ್ಸ್ ಕ್ಯಾನ್ ಪಾಟ್‌ನ ಟೇಬಲ್ ಮೇಲೆ ಬೇಡವೇ ಬೇಡ. ಅವತ್ತಿಗೆ ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ಹಾಕಿ, ಪಾಟ್‌ನಿಂದ ಕೈಚಾಚಿದಷ್ಟು ದೂರ ಇಟ್ಟು ಮುಚ್ಚಳ ಮುಚ್ಚಿ.

ಹಂತ 10: ಅದ್ದಿ

ಈಗ ನೀವು ಕಾಯುತ್ತಿದ್ದ ಗಳಿಗೆ. ಭಯಪಡಬೇಡಿ. ಉಸಿರು ಬಿಡಿ, ಮೊಣಕೈ ಮೈಗೆ ಆನಿಸಿಕೊಳ್ಳಿ, ಕೈ ನಡುಗುವುದಿಲ್ಲ.

ವೈರನ್ನು ಸ್ವಲ್ಪ ಓರೆಯಾಗಿ ಹಿಡಿದು, ಅಕ್ಕಿ ಹಿಟ್ಟಿನಲ್ಲಿ ಬೆರಳಿಳಿಸುವಷ್ಟು ನಿಧಾನಕ್ಕೆ ಇಳಿಸಿ. ಮನಸ್ಸಿನಲ್ಲಿ "ಒಂದು, ಎರಡು, ಮೂರು" ಎಣಿಸಿ. ಅಷ್ಟೇ ನಿಧಾನಕ್ಕೆ ನೆಟ್ಟಗೆ ಮೇಲೆತ್ತಿ. ಇನ್ನೊಂದು ಕ್ಷಣ ಅಲ್ಲಾಡಿಸದೆ ಹಿಡಿದರೆ ಸೋಲ್ಡರ್ ಗಟ್ಟಿಯಾಗುತ್ತದೆ. ತುದಿಯಲ್ಲಿ ಹನಿ ನಿಂತಿದೆ ಅಂತ ಕೈ ಕೊಡವಬೇಡಿ. ಆ ಹನಿ ಎದುರಿನವರ ಮುಖಕ್ಕೆ ಹೋಗುತ್ತದೆ.

ಬೋರ್ಡ್ ಆದರೆ ಒಂದು ಅಂಚು ಮೊದಲು ತಾಗಲಿ, ಆಮೇಲೆ ನಿಧಾನವಾಗಿ ಮಲಗಿಸಿ. ಹೀಗೆ ಮಾಡಿದರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಮೂರು ಸೆಕೆಂಡಿನ ನಂತರ ಮತ್ತೆ ಅದೇ ಅಂಚಿನಿಂದ ಓರೆಯಾಗಿ ಎತ್ತಿ.

ಎನಾಮಲ್ ವೈರಿನ ಕೆಲಸವೇ ಬೇರೆ. ಅದರ ಲೇಪನ ಸುಡಲು ಪಾಟನ್ನು 400 ಡಿಗ್ರಿ ಆಸುಪಾಸಿಗೆ ಏರಿಸುತ್ತಾರೆ. ಆ ಹೊಗೆ ಶ್ವಾಸಕೋಶಕ್ಕೆ ಬಲು ಕೆಟ್ಟದ್ದು. ಎಕ್ಸಾಸ್ಟ್ ಕೆಟ್ಟಿದ್ದರೆ ಅವತ್ತು ಆ ಕೆಲಸ ಬೇಡ ಅಂತ ಧೈರ್ಯವಾಗಿ ಹೇಳಿ.

ಹಂತ 11: ಕೆಲಸ ಸರಿ ಬಂತೇ ನೋಡಿ

ಒಳ್ಳೆಯ ಟಿನ್ನಿಂಗ್‌ನಲ್ಲಿ ವೈರಿನ ಎಳೆಗಳ ತಿರುಚು ಸೋಲ್ಡರಿನ ಕೆಳಗೂ ಕಾಣುತ್ತದೆ, ನೆನೆದ ಬಟ್ಟೆ ಮೈಗೆ ಅಂಟಿದ ಹಾಗೆ. ಸರಿಬರದಿದ್ದರೆ:

- ಸೋಲ್ಡರ್ ಗುಂಡುಗುಂಡಾಗಿ ನಿಂತಿದೆ, ತಾಮ್ರ ಕಾಣುತ್ತಿದೆ: ವೈರು ಕೊಳೆಯಾಗಿದೆ ಅಥವಾ ಫ್ಲಕ್ಸ್ ಸಾಲದು.
- ತುದಿಯಲ್ಲಿ ಉದ್ದ ಮುಳ್ಳು ಬಂದಿದೆ: ಬೇಗ ಎತ್ತಿದ್ದೀರಿ ಅಥವಾ ಬಿಸಿ ಸಾಲದು.
- ವೈರಿನ ಪ್ಲಾಸ್ಟಿಕ್ ಸುಟ್ಟು ಹಿಂದೆ ಸರಿದಿದೆ: ಹೆಚ್ಚು ಹೊತ್ತು ಇಟ್ಟಿದ್ದೀರಿ.
- ಮರಳಿನಂತೆ ತರಿತರಿ: ಪಾಟ್‌ನಲ್ಲಿ ತಾಮ್ರ ಹೆಚ್ಚಾಗಿದೆ. ಇದಕ್ಕೆ ಮದ್ದು ಮುಂದೆ ಹೇಳುತ್ತೇನೆ.

ಸೀಸವಿಲ್ಲದ ಸೋಲ್ಡರ್ ಸ್ವಭಾವತಃ ಸ್ವಲ್ಪ ಮಂಕು. ಹೊಳಪಿಲ್ಲ ಅಂತ ಬಿಸಿ ಏರಿಸಬೇಡಿ. ಮೊದಲ ದಿನ ಹತ್ತರಲ್ಲಿ ನಾಲ್ಕು ಕೆಟ್ಟರೂ ಬೇಜಾರು ಬೇಡ.

ಹಂತ 12: ಬಾರ್ ಸೇರಿಸಿ

ಮಟ್ಟ ಇಳಿದಾಗ ಹೊಸ ಬಾರ್ ಬೇಕು. ನೆಲದ ಮೇಲೆ, ಮಳೆಗಾಲದ ತೇವದಲ್ಲಿ ಬಿದ್ದಿದ್ದ ಬಾರ್ ಒಣಗಿರುವಂತೆ ಕಂಡರೂ ಮೈಯಲ್ಲಿ ತೇವ ಹಿಡಿದಿರುತ್ತದೆ. ಪಾಟ್‌ನ ಬಿಸಿ ಅಂಚಿನ ಪಕ್ಕ ಹತ್ತು ನಿಮಿಷ ಇಟ್ಟು ಬೆಚ್ಚಗೆ ಮಾಡಿ. ಆಮೇಲೆ ಇಕ್ಕಳದಲ್ಲಿ ಹಿಡಿದು ಒಂದು ತುದಿಯಿಂದ ಮೆಲ್ಲಗೆ ಇಳಿಸಿ. ಮೇಲಿನಿಂದ ಬಿಡಬೇಡಿ. ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು.

ಹಂತ 13: ಆರಿಸಿ

ಕಿಟ್ಟ ಒಮ್ಮೆ ತೆಗೆಯಿರಿ. ಸೌಟು, ಸ್ಕ್ರೇಪರ್ ಪಾಟ್‌ನಲ್ಲಿ ಬಿಡಬೇಡಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಕಂಟ್ರೋಲರ್ ಆಫ್, ಗೋಡೆಯ ಸ್ವಿಚ್ ಆಫ್, ಪ್ಲಗ್ ಹೊರಗೆ. ಲೋಹದ ಮುಚ್ಚಳ ಮುಚ್ಚಿ, "ಬಿಸಿ ಇದೆ, ಮುಟ್ಟಬೇಡಿ" ಅನ್ನುವ ಬೋರ್ಡ್ ನೇತುಹಾಕಿ. ಗಟ್ಟಿಯಾದ ಮೇಲೂ ಗಂಟೆಗಟ್ಟಲೆ ಅದು ಕೈ ಸುಡುವಷ್ಟು ಬಿಸಿಯಿರುತ್ತದೆ. ರಾತ್ರಿ ಕಸ ಗುಡಿಸಲು ಬರುವ ಅಕ್ಕನಿಗೆ ಅದು ಗೊತ್ತಿರುವುದಿಲ್ಲ, ಅವರಿಗೆ ಬಾಯಿಬಿಟ್ಟು ಹೇಳಿ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು ಅಂತಲೂ ಹೇಳಿ.

ಹಂತ 14: ಕೈ ತೊಳೆಯಿರಿ

ಇದನ್ನು ಹಂತ ಅಂತ ಎಣಿಸುವವರು ಕಡಿಮೆ. ನಾನು ಎಣಿಸುತ್ತೇನೆ. 250 ಡಿಗ್ರಿಯಲ್ಲಿ ಸೀಸ ಅಷ್ಟಾಗಿ ಆವಿಯಾಗುವುದಿಲ್ಲ. ಮೂಗಿಗೆ ಬರುವ ಹೊಗೆ ಹೆಚ್ಚಾಗಿ ಫ್ಲಕ್ಸ್‌ನದು. ಅದು ಉಬ್ಬಸ ತರಬಲ್ಲದು. ಸೀಸ ಮೈಗೆ ಸೇರುವುದು ಕೈಯಿಂದ ಬಾಯಿಗೆ: ಮಧ್ಯೆ ಕಚ್ಚಿದ ಬಿಸ್ಕತ್ತು, ಸೇದಿದ ಬೀಡಿ, ತಿಂದ ಎಲೆ ಅಡಿಕೆ. ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ, ಉಗುರಿನ ಸಂದಿಯನ್ನೂ ಉಜ್ಜಿ. ಕೋಟನ್ನು ಮನೆಗೆ ಒಯ್ಯಬೇಡಿ. ಅಪ್ಪನ ಅಂಗಿಯ ದೂಳು ಮಗುವಿಗೆ ಹೆಚ್ಚು ಅಪಾಯ. ಗರ್ಭಿಣಿಯರು ಸೂಪರ್‌ವೈಸರ್‌ಗೆ ಹೇಳಿ ಸೀಸದ ಕೆಲಸದಿಂದ ದೂರ ಇರಬೇಕು. ಸಂಕೋಚ ಬೇಡ.

ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಬಾಧೆಯ ಬಗ್ಗೆ ಜನರನ್ನು ಎಚ್ಚರಿಸಲು ವರ್ಷಾನುಗಟ್ಟಲೆ ದುಡಿದವರು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಈ ವಿಷಬಾಧೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಸೀಸದ ಪಾಟ್‌ನಲ್ಲಿ ದಿನವೂ ಕೆಲಸ ಮಾಡುವವರು ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಪಾಟ್‌ನ ಆರೈಕೆ

ದಿನವೂ: ಬಿಸಿಯ ಅಂಕಿ, ಸೇರಿಸಿದ ಬಾರ್, ತೆಗೆದ ಕಿಟ್ಟದ ತೂಕ, ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ಕಿಟ್ಟ ಇದ್ದಕ್ಕಿದ್ದಂತೆ ಹೆಚ್ಚಿದರೆ ಬಿಸಿ ಜಾಸ್ತಿಯಾಗಿದೆ ಅಂತಲೇ ಮೊದಲು ಅನುಮಾನಿಸಿ.

ವಾರಕ್ಕೊಮ್ಮೆ: ಪಾಟ್ ತಣ್ಣಗಿರುವಾಗ, ಪ್ಲಗ್ ಕಿತ್ತು, ವೈರಿನ ಮೈ, ಪಿನ್ನು, ಎಕ್ಸಾಸ್ಟ್ ಜಾಲರಿ ನೋಡಿ. ಒಣ ಬ್ರಷ್‌ನಲ್ಲಿ ಮಾತ್ರ ಸ್ವಚ್ಛ ಮಾಡಿ.

ತಿಂಗಳಿಗೋ ಎರಡು ತಿಂಗಳಿಗೋ: ಪಾಟ್‌ನಿಂದ ಸ್ವಲ್ಪ ಲೋಹ ತೆಗೆದು ಲ್ಯಾಬ್‌ಗೆ ಕಳಿಸಿ. ಅದ್ದಿದ ಪ್ರತಿ ವೈರೂ ಚೂರು ತಾಮ್ರ ಬಿಟ್ಟುಹೋಗುತ್ತದೆ. ಸೀಸದ ಸೋಲ್ಡರ್‌ನಲ್ಲಿ ತಾಮ್ರ 0.3% ದಾಟಿದರೆ ಕೆಲಸ ಕೆಡುತ್ತದೆ.

ತರಿತರಿಗೆ ಮದ್ದು ಇಲ್ಲಿದೆ. 63/37 ಪಾಟ್ ಆದರೆ ಬಿಸಿಯನ್ನು 190ರ ಆಸುಪಾಸಿಗೆ ಇಳಿಸಿ ಕೆಲವು ಗಂಟೆ ಅಲ್ಲಾಡಿಸದೆ ಬಿಡಿ. ತವರ-ತಾಮ್ರ ಸೇರಿ ಆದ ಸೂಜಿಯಂಥ ಹರಳುಗಳು ಈ ಸೋಲ್ಡರಿಗಿಂತ ಒಂಚೂರು ಹಗುರ, ಮೇಲೆ ತೇಲುತ್ತವೆ. ತೂತಿನ ಸೌಟಿನಲ್ಲಿ ಎತ್ತಿ. ಸೀಸವಿಲ್ಲದ ಪಾಟ್‌ನಲ್ಲಿ ಈ ಉಪಾಯ ನಡೆಯದು: ಅಲ್ಲಿ ಸೋಲ್ಡರೇ ಹಗುರ, ಹರಳು ತಳಕ್ಕೆ ಇಳಿಯುತ್ತದೆ. ಅಂಥ ಪಾಟನ್ನು ಸೂಪರ್‌ವೈಸರ್ ಜೊತೆ ನಿಂತು ಖಾಲಿ ಮಾಡಿಸಿ, ಹೊಸ ಲೋಹ ತುಂಬಿ.

ತುಂಬಿದ ಕಿಟ್ಟದ ಡಬ್ಬಿಯನ್ನು ಗುಜರಿಯವನಿಗೆ ಮಾರಬೇಡಿ. ಅವನು ಬಯಲಲ್ಲಿ ಕರಗಿಸಿದರೆ ಆ ಸೀಸ ಯಾವುದೋ ಮಗುವಿನ ಆಟದ ಮಣ್ಣಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪರವಾನಗಿ ಇರುವವರಿಗೇ ಕೊಡಬೇಕು. ಸೋಲ್ಡರ್ ಮಾರಿದ ಕಂಪನಿಯನ್ನೇ ಮೊದಲು ಕೇಳಿ. ಕಿಟ್ಟ ವಾಪಸ್ ತೆಗೆದುಕೊಂಡು ದುಡ್ಡು ಕೊಡುವವರೂ ಇದ್ದಾರೆ.

ಅವಘಡವಾದರೆ

ಸೋಲ್ಡರ್ ಚರ್ಮಕ್ಕೆ ಅಂಟಿದರೆ ಕಿತ್ತು ತೆಗೆಯಬೇಡಿ, ಚರ್ಮವೂ ಬರುತ್ತದೆ. ಪಾಟ್‌ನಿಂದ ದೂರ, ನಲ್ಲಿಯ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಪೇಸ್ಟು, ತುಪ್ಪ, ಅರಿಶಿನ, ಇಂಕು ಯಾವುದೂ ಬೇಡ. ಒಣ ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ದೊಡ್ಡ ಗಾಯವಾದರೆ 108ಕ್ಕೆ ಫೋನ್ ಮಾಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ತಡಮಾಡದೆ ಕಣ್ಣಿನ ಆಸ್ಪತ್ರೆಗೆ.

ಪಾಟ್ ಮೇಲೆ ಫ್ಲಕ್ಸ್ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ, ಮೇನ್ ಆಫ್ ಮಾಡಿ. ನೀರು ಎರಚಬೇಡಿ.

ಕೊನೆಗೆ, ಆಯುಧಪೂಜೆ

ವರ್ಷಕ್ಕೊಮ್ಮೆ ನಮ್ಮ ಎಲ್ಲ ಮೆಷಿನ್‌ಗಳಿಗೂ ಹೂ, ಕುಂಕುಮ. ಪಾಟ್‌ಗೂ ಇರಲಿ. ಆದರೆ ಹಿಂದಿನ ದಿನವೇ ಆರಿಸಿ, ಪೂರ್ತಿ ತಣ್ಣಗಾಗಿರಲಿ. ಮುಚ್ಚಳ ಮುಚ್ಚಿ, ಪೂಜೆ ಮುಚ್ಚಳದ ಮೇಲೆ ಮಾಡಿ. ಬೂದುಗುಂಬಳ ಬಾಗಿಲಾಚೆ ಒಡೆಯಿರಿ, ನಿಂಬೆಹಣ್ಣು ಹೊಸ್ತಿಲ ಬಳಿ ಕುಯ್ಯಿರಿ.

ರಜೆ ಮುಗಿದು ಕೆಲಸಕ್ಕೆ ಬಂದ ದಿನ ಸ್ವಿಚ್ ಒತ್ತುವ ಮೊದಲು ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಒಂದು ವರ್ಷ ನಾನು ಹಾಗೆ ನೋಡಿದಾಗ, ಗಟ್ಟಿಯಾದ ಸೋಲ್ಡರಿನ ಬೆಳ್ಳಿ ಮೈ ಮೇಲೆ ಒಂದು ಚೆಂಡುಹೂ ಬಿದ್ದಿತ್ತು. ಎತ್ತಿಕೊಂಡೆ, ಬುಡ ಇನ್ನೂ ಒದ್ದೆಯಿತ್ತು. ಅದರ ಕೆಳಗೆ ಎರಡು ಹನಿ ನೀರು. ಒಣ ಬಟ್ಟೆಯಲ್ಲಿ ಒರೆಸಿದೆ, ಸ್ವಲ್ಪ ಹೊತ್ತು ಫ್ಯಾನ್ ಹಾಕಿಟ್ಟೆ, ಆಮೇಲೆ 150ಕ್ಕೆ ಇಟ್ಟು ಸ್ವಿಚ್ ಒತ್ತಿದೆ.